ಮೊಣಗಂಟಿನ ಆಪರೇಷನ್‌ಗೆ ಪ್ಯಾಕೇಜ್: ಐದು ದಿನದ ಬೆಲೆಯೋ, ತೊಂಬತ್ತು ದಿನದ್ದೋ?

ಪ್ರಶ್ನೆ: ನಮ್ಮದು ಬದಿಯಡ್ಕದಿಂದ ಒಳಗೆ ಹೋಗುವ ಊರು. ಅಮ್ಮನಿಗೆ 68 ವರ್ಷ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಎರಡೂ ಮೊಣಗಂಟು ಸವೆದಿದೆ, ಬಲಗಾಲಿನದು ಜಾಸ್ತಿ. ಅಂಗಳ ದಾಟಿ ಹಟ್ಟಿಗೆ ಹೋಗಿ ಬರುವುದೂ ಕಷ್ಟ. ಮೊಣಗಂಟು ಬದಲಿಸಲು ಮಂಗಳೂರಿನ ಒಂದು ಆಸ್ಪತ್ರೆ ಒಂದು ಕಾಲಿಗೆ 1,90,000 ರೂಪಾಯಿ ಪ್ಯಾಕೇಜ್ ಹೇಳಿದೆ: ಜನರಲ್ ವಾರ್ಡ್, ಐದು ದಿನ. ಇನ್ನೊಂದು ಆಸ್ಪತ್ರೆಯದು 2,65,000: ದಿನಕ್ಕೆ 4,500ರ ಇಬ್ಬರ ಕೋಣೆ, ಆರು ದಿನ, ಹೆಚ್ಚು ಮಡಚುತ್ತದೆ ಎನ್ನುವ ‘ಹೈ ಫ್ಲೆಕ್ಸ್’ ಇಂಪ್ಲಾಂಟ್ (ಕೃತಕ ಕೀಲು). ಕಾಸರಗೋಡಿನ ಆಸ್ಪತ್ರೆಯೊಂದು ಪ್ಯಾಕೇಜ್ ಇಲ್ಲ, ಬಿಲ್ ಆದಷ್ಟು ಕೊಡಿ ಎನ್ನುತ್ತದೆ. ನೆರೆಮನೆಯವರು ಪ್ಯಾಕೇಜ್ ಎಂದು ನಂಬಿ ಹೋಗಿ, ಡಿಸ್‌ಚಾರ್ಜ್ ದಿನ 70,000 ಹೆಚ್ಚು ಕಟ್ಟಿ ಬಂದರು. ಪ್ಯಾಕೇಜ್‌ನಲ್ಲಿ ಕಳಪೆ ಕೀಲು ಹಾಕುತ್ತಾರೆ ಎಂದೂ ಹೇಳುತ್ತಾರೆ. ಅಮ್ಮನಿಗೆ 3 ಲಕ್ಷದ ಆರೋಗ್ಯ ವಿಮೆ ಇದೆ, ಕೋಣೆ ಬಾಡಿಗೆಗೆ ದಿನಕ್ಕೆ ಶೇ. 1ರ ಮಿತಿ. ಕೇರಳ ಸರಕಾರದ ಆರೋಗ್ಯ ಯೋಜನೆ ಕಾಸ್ಪ್‌ನ ಕಾರ್ಡೂ ಇದೆ. ಯಾವುದನ್ನು ಹಿಡಿಯುವುದು? ಎರಡೂ ಕಾಲು ಒಟ್ಟಿಗೆ ಮಾಡಿಸಿದರೆ ಉಳಿತಾಯವಾಗುತ್ತದೆಯೇ?

ಉತ್ತರ: ಹೇಳಿದ ಮೊತ್ತ ಹೇಳಿದಲ್ಲೇ ನಿಲ್ಲುತ್ತದೆಯೇ, ನಿಲ್ಲಿಸಲು ಅಮ್ಮನ ಕಾಲಿಗೆ ಏನಾದರೂ ಕಡಿಮೆ ಮಾಡುತ್ತಾರೆಯೇ ಎನ್ನುವುದೇ ನಿಮ್ಮ ಚಿಂತೆ. ಎರಡೂ ನ್ಯಾಯವಾದ ಚಿಂತೆಗಳೇ. ಆದರೆ 1,90,000 ಮತ್ತು 2,65,000ವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುವುದಿಲ್ಲ. ಆ ಮೊತ್ತ ಯಾವ ದಿನದಿಂದ ಯಾವ ದಿನದವರೆಗಿನದು, ನಡುವೆ ಏನಾದರೂ ಕೆಟ್ಟರೆ ಅದರ ಖರ್ಚು ಯಾರ ತಲೆಗೆ ಎಂಬ ಎರಡು ಸಂಗತಿ ತಿಳಿಯದೆ ಪ್ಯಾಕೇಜ್‌ಗಳನ್ನು ಹೋಲಿಸಲು ಬರುವುದಿಲ್ಲ.

ಆಸ್ಪತ್ರೆ ಪ್ಯಾಕೇಜ್ ದರವನ್ನು ಹೇಗೆ ಕಟ್ಟುತ್ತದೆ ಎಂದು ಮೊದಲು ನೋಡೋಣ. ಹಿಂದೆ ಅಲ್ಲೇ ಆಪರೇಷನ್ ಆದವರ ಬಿಲ್ಲುಗಳನ್ನು ತೆಗೆದು ಸರಾಸರಿ ಹಾಕುತ್ತಾರೆ. ಅದರಲ್ಲಿ ಮೂರು ಭಾಗ. ಥಿಯೇಟರ್, ಸರ್ಜನ್, ಅರಿವಳಿಕೆ ಒಂದು ಭಾಗ. ಇದು ರೋಗಿಯಿಂದ ರೋಗಿಗೆ ಹೆಚ್ಚು ಬದಲಾಗದು. ಇಂಪ್ಲಾಂಟ್ ಎರಡನೆಯದು, ಇದು ಖರೀದಿ ದರ, ಮೊದಲೇ ಗೊತ್ತಿರುತ್ತದೆ. ಹಾಸಿಗೆಯ ದಿನಗಳು, ಔಷಧಿ, ರಕ್ತ, ಬೇರೆ ವಿಭಾಗದ ಡಾಕ್ಟರರ ಭೇಟಿ ಮೂರನೆಯದು. ಏರಿಳಿತವೆಲ್ಲ ಈ ಮೂರನೆಯದರಲ್ಲೇ. ಸರಾಸರಿಗಿಂತ ಬೇಗ ಎದ್ದು ಹೋದವರಿಂದ ಆಸ್ಪತ್ರೆಗೆ ಉಳಿಯುತ್ತದೆ, ತಡವಾದವರಿಂದ ಹೋಗುತ್ತದೆ. ಹೋಗುವುದನ್ನು ತಡೆಯಲು ಅಂದಾಜು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರುತ್ತದೆ: ‘ಈ ಪ್ಯಾಕೇಜ್ ತೊಡಕಿಲ್ಲದ ಸಾಮಾನ್ಯ ಪ್ರಕರಣಗಳಿಗೆ ಮಾತ್ರ ಅನ್ವಯ’.

ನಿಮ್ಮ ನೆರೆಮನೆಯವರ 70,000 ಬಹುತೇಕ ಈ ಸಾಲಿನಿಂದಲೇ ಹುಟ್ಟಿರಬೇಕು. ಸಕ್ಕರೆ ಹತೋಟಿಗೆ ಬರಲಿಲ್ಲವೆಂದು ಎರಡು ದಿನ ಹೆಚ್ಚು ಮಲಗಿಸುವುದು, ಆಪರೇಷನ್ ರಾತ್ರಿ ಐಸಿಯು, ಎರಡು ಬಾಟಲಿ ರಕ್ತ, ಫಿಸಿಶಿಯನ್ ಭೇಟಿಗಳು, ಕೀಲನ್ನು ಎಲುಬಿಗೆ ಅಂಟಿಸುವ, ಆ್ಯಂಟಿಬಯಾಟಿಕ್ ಸೇರಿಸಿದ ದುಬಾರಿ ಸಿಮೆಂಟು, ಮನೆಗೆ ಕೊಟ್ಟ ಔಷಧಿ, ವಾಕರ್. ಒಂದೊಂದೂ ಚಿಕ್ಕದು, ಒಂದೊಂದಕ್ಕೂ ಕಾರಣವಿದೆ. ಯಾವುದೂ ಮೋಸವಲ್ಲದಿರಬಹುದು. ಆದರೆ ಸಕ್ಕರೆ ಕಾಯಿಲೆಯ ಹಿರಿಯರಿಗೆ ಇವುಗಳಲ್ಲಿ ಎರಡು ಮೂರಾದರೂ ಬಂದೇ ಬರುತ್ತವೆ ಎಂದು ದರ ಹೇಳುವ ಮೇಜಿನವರಿಗೆ ಗೊತ್ತಿರುತ್ತದೆ. ಹೇಳುವುದಿಲ್ಲ, ಅಷ್ಟೇ.

ಹಾಗಾಗಿ ನಿಮ್ಮ ಅಮ್ಮನ ವಿಷಯದಲ್ಲಿ ಕ್ರಮ ತಲೆಕೆಳಗಾಗಬೇಕು. ದರ ಕೇಳಿ, ಮುಂಗಡ ಕಟ್ಟಿ, ಆಮೇಲೆ ಅರಿವಳಿಕೆ ಡಾಕ್ಟರರ ತಪಾಸಣೆ ಮಾಡಿಸುವುದು ರೂಢಿ. ನೀವು ತಪಾಸಣೆ ಮೊದಲು ಮಾಡಿಸಿ: ರಕ್ತ, ಮೂತ್ರ, ಇಸಿಜಿ, ಎಕೋ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ. ಆ ಕಡತ ಮೇಜಿನ ಮೇಲಿಟ್ಟು, ‘ಈ ರೋಗಿಗೆ ನಿಮ್ಮ ಪ್ಯಾಕೇಜ್ ಅನ್ವಯಿಸುತ್ತದೆಯೇ’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ‘ಹೈ ರಿಸ್ಕ್, ಪ್ಯಾಕೇಜ್ ಆಗುವುದಿಲ್ಲ’ ಎಂಬ ಮಾತು ಆ ದಿನ ಬಂದರೆ ನಿಮಗೆ ಒಳ್ಳೆಯದೇ, ಇನ್ನೂ ಮನೆಯಲ್ಲಿದ್ದೀರಿ. ಅದೇ ಮಾತು ಅಡ್ಮಿಟ್ ಆದ ಮರುದಿನ ಬಂದರೆ ಕೈಕಟ್ಟಿದಂತೆ. ಎಚ್‌ಬಿಎ1ಸಿ 8ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಸರ್ಜನ್‌ಗಳೇ ಮುಂದೂಡುತ್ತಾರೆ. ಎರಡು ಮೂರು ತಿಂಗಳು ಕಾದು ಇಳಿಸಿಕೊಂಡು ಹೋಗಿ. ಸವೆದ ಗಂಟು ಕಾಯುತ್ತದೆ, ಸೋಂಕು ತಗಲಿದ ಗಂಟು ಕಾಯುವುದಿಲ್ಲ.

ಇನ್ನು ‘ಕಳಪೆ ಕೀಲು’ ಎಂಬ ಮಾತು. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ, ಅಂದರೆ ಎನ್‌ಪಿಪಿಎ, ಮೊಣಗಂಟಿನ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಆಮೇಲೆ ಆ ಮಿತಿಯನ್ನು ಮತ್ತೆ ಮತ್ತೆ ವಿಸ್ತರಿಸುತ್ತ ಬಂದಿದ್ದಾರೆ. ಹೆಚ್ಚಿನವರಿಗೆ ಹಾಕುವುದು ಕೋಬಾಲ್ಟ್ ಕ್ರೋಮಿಯಂ ಕೀಲು. ಅದಕ್ಕೆ ಅಂದು ನಿಗದಿಯಾದದ್ದು 54,720 ರೂಪಾಯಿ, ಜಿಎಸ್‌ಟಿ ಬೇರೆ. ಅದಕ್ಕೆ ಮೊದಲು ಸರಾಸರಿ ಎಂಆರ್‌ಪಿ ಒಂದೂವರೆ ಲಕ್ಷ ದಾಟಿತ್ತು. ನಿಮಗೆ ಹೇಳಿದ ಹೈ ಫ್ಲೆಕ್ಸ್‌ಗೆ 56,490. ಎರಡಕ್ಕೂ ವ್ಯತ್ಯಾಸ 1,770 ರೂಪಾಯಿ. ಹಾಗಾದರೆ ನಿಮ್ಮ ಎರಡು ಅಂದಾಜುಗಳ ನಡುವಿನ 75,000ಕ್ಕೆ ‘ಹೈ ಫ್ಲೆಕ್ಸ್’ ಎಂಬ ಹೆಸರು ಕಾರಣವಾಗಲು ಸಾಧ್ಯವಿಲ್ಲ; ಅದು ಕೋಣೆಯ ದರ್ಜೆ, ಅದರ ಜೊತೆ ಏರುವ ಸರ್ಜನ್ ಫೀಸು ಮತ್ತು ಆ ಒಂದು ಹೆಚ್ಚಿನ ದಿನದ ಹಣ. ಈಗ ಜಾರಿಯಲ್ಲಿರುವ ಮಿತಿ ಎಷ್ಟೆಂದು ಎನ್‌ಪಿಪಿಎ ಜಾಲತಾಣದಲ್ಲಿ ನೋಡಿಕೊಂಡೇ ಹೋಗಿ.

ಮಿತಿ ಇರುವುದರಿಂದ ಪ್ಯಾಕೇಜ್‌ನವರಿಗೆ ಒಂದು ಕೀಲು, ಬಿಲ್‌ನವರಿಗೆ ಇನ್ನೊಂದು ಎಂಬ ಭಯ ಬಹುಮಟ್ಟಿಗೆ ಹಳೆಯದು. ಆದರೂ ಕಣ್ಣುಮುಚ್ಚಬೇಡಿ. ಅದೇ ಆದೇಶದ ಪ್ರಕಾರ ಆಸ್ಪತ್ರೆಯ ಬಿಲ್ಲಿನಲ್ಲಿ ಇಂಪ್ಲಾಂಟ್‌ನ ಬೆಲೆ, ಬ್ರ್ಯಾಂಡ್, ತಯಾರಕರ ಹೆಸರು, ಬ್ಯಾಚ್ ಸಂಖ್ಯೆಯನ್ನು ಪ್ರತ್ಯೇಕವಾಗಿ ತೋರಿಸಬೇಕು. ಪ್ಯಾಕೇಜ್ ಎಂದು ಒಂದೇ ಸಾಲು ಬರೆದು ಕೊಟ್ಟರೆ ಸಾಲದು.

ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕಾದ ಸಂಗತಿಯೊಂದಿದೆ. 54,720 ಒಂದೇ ವಸ್ತುವಿನ ಬೆಲೆಯಲ್ಲ. ತೊಡೆಯೆಲುಬಿನ ತುದಿಗೆ ಕೂರುವ ಭಾಗ 24,090, ಕೆಳಗಿನ ಎಲುಬಿನ ಮೇಲೆ ಕೂರುವ ತಟ್ಟೆ 16,990, ಎರಡರ ನಡುವಿನ ಪ್ಲಾಸ್ಟಿಕ್ ಇನ್ಸರ್ಟ್ 9,550, ಮೊಣಚಿಪ್ಪಿನ ಹಿಂಬದಿಗೆ ಅಂಟಿಸುವ ಗುಂಡಿ 4,090. ಹಲವು ಸರ್ಜನ್‌ಗಳು ಮೊಣಚಿಪ್ಪನ್ನು ಮುಟ್ಟದೆ ಹಾಗೆಯೇ ಬಿಡುತ್ತಾರೆ. ಅದು ತಪ್ಪಲ್ಲ, ಅವರವರ ಪದ್ಧತಿ. ಆದರೆ ಬಿಟ್ಟಮೇಲೆ, 2017ರ ಆ ದರದ ಲೆಕ್ಕದಲ್ಲಿ, ಬಿಲ್ಲಿನಲ್ಲಿ ಇರಬೇಕಾದದ್ದು ಜಿಎಸ್‌ಟಿ ಬಿಟ್ಟು ಹೆಚ್ಚೆಂದರೆ 50,630, ಪೂರ್ತಿ 54,720 ಅಲ್ಲ. ಗೊತ್ತಾಗುವುದು ಹೇಗೆ? ಪ್ರತಿ ಭಾಗದ ಪೆಟ್ಟಿಗೆಯೊಳಗೆ ಅಂಟಿಸುವ ಸ್ಟಿಕ್ಕರ್‌ಗಳು ಬರುತ್ತವೆ, ಅಳತೆ ಮತ್ತು ಲಾಟ್ ಸಂಖ್ಯೆ ಅಚ್ಚಾಗಿರುತ್ತದೆ. ಥಿಯೇಟರ್ ನರ್ಸ್ ಅವನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ಒಂದು ಸೆಟ್ ಡಿಸ್‌ಚಾರ್ಜ್ ಕಾರ್ಡಿಗೂ ಅಂಟಿಸಿ ಕೊಡಲು ಕೇಳಿ. ಎಣಿಸಿ ನೋಡಿ: ಕೀಲಿನದು ನಾಲ್ಕಿದ್ದರೆ ಚಿಪ್ಪಿಗೂ ಹಾಕಿದ್ದಾರೆ, ಮೂರಿದ್ದರೆ ಇಲ್ಲ. ಸಿಮೆಂಟಿನದು ಬೇರೆ, ಅದು ಈ ನಾಲ್ಕು ಭಾಗಗಳ ಲೆಕ್ಕಕ್ಕೆ ಸೇರದು, ಪ್ಯಾಕೇಜ್‌ನಲ್ಲಿ ಸಿಮೆಂಟು ಇದೆಯೇ ಎಂದು ಪ್ರತ್ಯೇಕ ಕೇಳಬೇಕು. ನಾಲ್ಕು ಸಾವಿರ ಉಳಿಸಲಿಕ್ಕೆ ಇಷ್ಟೆಲ್ಲ ಯಾಕೆ ಎನ್ನಬೇಡಿ. ಹದಿನೈದು ವರ್ಷದ ಮೇಲೆ ಪ್ಲಾಸ್ಟಿಕ್ ಸವೆದು ಇನ್ಸರ್ಟ್ ಮಾತ್ರ ಬದಲಿಸಬೇಕಾಗಿ ಬಂದಾಗ, ಒಳಗಿರುವುದು ಯಾವ ಕಂಪನಿಯ ಯಾವ ಅಳತೆಯದು ಎಂದು ಹೇಳಲು ಆ ಚೀಟಿಗಿಂತ ಉತ್ತಮ ಸಾಕ್ಷಿ ಇಲ್ಲ.

‘ರೋಬೋಟ್’ ನೆರವಿನ ಆಪರೇಷನ್ ಎಂದು ಹೆಚ್ಚುವರಿ ಹಣ ಕೇಳಿದರೆ: ಕೀಲನ್ನು ಕೂರಿಸುವ ಕೋನ ಹೆಚ್ಚು ನಿಖರವಾಗುತ್ತದೆ, ಅದು ನಿಜ. ವರ್ಷಗಳ ನಂತರ ನೋವಿನಲ್ಲೋ ನಡಿಗೆಯಲ್ಲೋ ಸ್ಪಷ್ಟ ಅಂತರ ಸಿಗುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ. ಹಣಕ್ಕೆ ಎಳೆದಾಟವಿದ್ದರೆ ಬಿಡಿ.

ಈಗ ದಿನಗಳ ಲೆಕ್ಕ. ನಿಮಗೆ ಹೇಳಿದ ಎರಡೂ ಪ್ಯಾಕೇಜ್‌ಗಳು ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುತ್ತವೆ. ಆದರೆ ಈ ಆಪರೇಷನ್‌ನ ಅಪಾಯ ಬಾಗಿಲಲ್ಲಿ ಮುಗಿಯುವುದಿಲ್ಲ. ಹೊಲಿಗೆ ಬಿಚ್ಚುವುದು 12ರಿಂದ 14ನೇ ದಿನ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದಂತೆ ಕೊಡುವ ಔಷಧಿ ಎರಡರಿಂದ ಐದು ವಾರ. ಇಂಪ್ಲಾಂಟ್ ಹಾಕಿದ ಜಾಗದ ಸೋಂಕನ್ನು ಆಸ್ಪತ್ರೆಗಳು 90 ದಿನದವರೆಗೆ ಗಮನಿಸುವುದು ರೂಢಿ, ಏಕೆಂದರೆ ಅದು ಮನೆಗೆ ಹೋದ ಮೇಲೆ ಕಾಣಿಸಿಕೊಳ್ಳುವುದೇ ಹೆಚ್ಚು. ಮೊದಲ ಬಾರಿ ಮೊಣಗಂಟು ಬದಲಿಸಿದವರಲ್ಲಿ ಆಳದ ಸೋಂಕು ನೂರರಲ್ಲಿ ಒಬ್ಬಿಬ್ಬರಿಗೆ, ಸಕ್ಕರೆ ಇದ್ದವರಿಗೆ ಸ್ವಲ್ಪ ಹೆಚ್ಚು. ಬೇಗ ಗೊತ್ತಾದರೆ ಗಂಟು ತೆರೆದು ತೊಳೆದು ಪ್ಲಾಸ್ಟಿಕ್ ಬದಲಿಸುತ್ತಾರೆ. ತಡವಾದರೆ ಹಾಕಿದ್ದನ್ನೆಲ್ಲ ತೆಗೆದು, ವಾರಗಟ್ಟಲೆ ಆ್ಯಂಟಿಬಯಾಟಿಕ್ ಕೊಟ್ಟು, ಮತ್ತೆ ಹೊಸ ಕೀಲು. ಆ ಖರ್ಚು ಮೊದಲ ಆಪರೇಷನ್ನಿನದನ್ನು ಮೀರುತ್ತದೆ.

ಅಮೆರಿಕದ ಸರಕಾರಿ ವಿಮೆ ಮೆಡಿಕೇರ್ ಇದನ್ನೇ ಲೆಕ್ಕಕ್ಕೆ ಹಿಡಿದು 2016ರ ಏಪ್ರಿಲ್‌ನಿಂದ 2024ರ ಕೊನೆಯವರೆಗೆ ಒಂದು ಪದ್ಧತಿ ನಡೆಸಿತು. ಕೀಲು ಬದಲಿಗೆ ಅಡ್ಮಿಟ್ ಆದ ದಿನದಿಂದ ಡಿಸ್‌ಚಾರ್ಜ್ ನಂತರದ 90 ದಿನದವರೆಗೆ ಆಸ್ಪತ್ರೆ, ಸರ್ಜನ್, ಫಿಸಿಯೋಥೆರಪಿ ಎಲ್ಲ ಸೇರಿ ಒಂದು ಗುರಿ ಮೊತ್ತ. ಕಡಿಮೆಯಲ್ಲಿ ಮುಗಿದರೆ ಆಸ್ಪತ್ರೆಗೆ ಲಾಭ, ಮೀರಿದರೆ ಆಸ್ಪತ್ರೆಗೇ ನಷ್ಟ. ಇಂಥ ಲೆಕ್ಕದಲ್ಲಿ ರೋಗಿ ಮನೆಯಲ್ಲಿ ಕಾಲು ಮಡಚುತ್ತಿದ್ದಾರೋ ಇಲ್ಲವೋ ಎಂಬುದೂ ಆಸ್ಪತ್ರೆಯ ಚಿಂತೆಯಾಗುತ್ತದೆ. ಅದರ ಕೆಟ್ಟ ಬದಿಯೂ ಇದೆ: ಖರ್ಚು ಏರಬಹುದಾದ ರೋಗಿಯನ್ನು ನಯವಾಗಿ ಬೇರೆಡೆ ಕಳಿಸುವ ಆಸೆ ಹುಟ್ಟುತ್ತದೆ. ನಮ್ಮಲ್ಲಿ ‘ಪ್ಯಾಕೇಜ್’ ಎಂಬ ಪದ ಬಂದಿದೆ, ಆ 90 ದಿನ ಬಂದಿಲ್ಲ.

ನೀವು ಅದರಲ್ಲಿ ಸ್ವಲ್ಪವನ್ನಾದರೂ ಕೇಳಿ ಪಡೆಯಬಹುದು. 30 ದಿನದೊಳಗೆ ಅದೇ ಗಾಯಕ್ಕೆ ಮತ್ತೆ ಅಡ್ಮಿಟ್ ಆಗಬೇಕಾಗಿ ಬಂದರೆ ಥಿಯೇಟರ್ ಮತ್ತು ಸರ್ಜನ್ ಫೀಸು ಇಲ್ಲ, ಔಷಧಿ ಮತ್ತು ಹಾಸಿಗೆ ಮಾತ್ರ ಎಂದು ಬರೆದುಕೊಡಲು ಕೇಳಿ ನೋಡಿ. ಎಲ್ಲರೂ ಒಪ್ಪಲಿಕ್ಕಿಲ್ಲ, ಒಪ್ಪುವವರೂ ಇದ್ದಾರೆ. ಹಾಗೆಯೇ ಹೊಲಿಗೆ ಬಿಚ್ಚುವ ಭೇಟಿ ಮತ್ತು ಆರನೇ ವಾರದ ಭೇಟಿ, ಎಕ್ಸ್‌ರೇ ಸಹಿತ, ಪ್ಯಾಕೇಜ್ ಒಳಗಿರಲಿ. ನಿಮ್ಮ ಊರಿನಿಂದ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಬರಲು ಒಂದು ದಿನ ಪೂರ್ತಿ ಬೇಕು, ಕಾಲು ಮಡಚಲಾಗದವರಿಗೆ ಕಾರೇ ಆಗಬೇಕು. ಆ ಬೇಸರಕ್ಕೆ ಹೊಲಿಗೆಯನ್ನು ಹತ್ತಿರದ ಕ್ಲಿನಿಕ್‌ನಲ್ಲೇ ಬಿಚ್ಚಿಸುವವರು ಬಹಳ. ಗಾಯ ಚೆನ್ನಾಗಿದ್ದರೆ ತೊಂದರೆಯಿಲ್ಲ. ಆದರೆ ಆಮೇಲೆ ಕೀವು ಬಂದರೆ ‘ಹೊರಗಿನವರು ಕೈ ಹಾಕಿದ್ದಾರೆ’ ಎಂದು ಮೊದಲ ಆಸ್ಪತ್ರೆ ಜಾರಿಕೊಳ್ಳಲು ದಾರಿಯಾಗುತ್ತದೆ. ಸ್ಥಳೀಯವಾಗಿ ಬಿಚ್ಚಿಸುವುದಾದರೆ ಡಿಸ್‌ಚಾರ್ಜ್ ಕಾರ್ಡಿನಲ್ಲಿ ಸರ್ಜನ್‌ರಿಂದಲೇ ಹಾಗೆ ಬರೆಸಿಕೊಳ್ಳಿ, ಬಿಚ್ಚಿದ ದಿನ ಗಾಯದ ಫೋಟೋ ತೆಗೆದು ಕಳಿಸಿ. ಡ್ರೆಸಿಂಗ್ ಒದ್ದೆಯಾದರೆ, ಹತ್ತು ದಿನದ ಮೇಲೂ ನೀರು ಒಸರುತ್ತಿದ್ದರೆ, ಮೀನಖಂಡ ಬಿಗಿದು ಊದಿಕೊಂಡರೆ ಕಾರು ಹತ್ತಿಸುವುದೇ ಸರಿ. ಮನೆಯಲ್ಲಿ ಆ್ಯಂಟಿಬಯಾಟಿಕ್ ನುಂಗಿಸಿ ಕಾಯಬೇಡಿ.

ಫಿಸಿಯೋಥೆರಪಿ ಬಹುತೇಕ ಪ್ಯಾಕೇಜ್‌ಗಳಲ್ಲಿ ವಾರ್ಡಿನೊಳಗೆ ಮಾತ್ರ. ಎರಡನೇ ವಾರದ ಹೊತ್ತಿಗೆ 90 ಡಿಗ್ರಿ ಮಡಚಬೇಕು, ಆರನೇ ವಾರಕ್ಕೆ 110ರ ಹತ್ತಿರ. ಇದು ಆಗದಿದ್ದರೆ ಎಷ್ಟು ಒಳ್ಳೆಯ ಕೀಲು ಹಾಕಿಯೂ ಪ್ರಯೋಜನವಿಲ್ಲ. ಆದ್ದರಿಂದ ಮನೆಗೆ ಬರುವ ಫಿಸಿಯೋ ಖರ್ಚನ್ನು ನಿಮ್ಮ ಮೊತ್ತಕ್ಕೆ ಮೊದಲೇ ಸೇರಿಸಿ. ವಾಕರ್, ಕಮೋಡ್ ಕುರ್ಚಿ ಅಥವಾ ಪಾಯಿಖಾನೆಯನ್ನೇ ಬದಲಿಸುವ ಖರ್ಚನ್ನೂ ಸೇರಿಸಿ. ಇವು ಆಪರೇಷನ್‌ಗೆ ಮೊದಲೇ ಮನೆಯಲ್ಲಿ ಸಿದ್ಧವಿರಬೇಕು.

ವಿಮೆಯ ಕಡೆಗೆ ಬರೋಣ. ನಿಮ್ಮ ಕೋಣೆ ಮಿತಿ 3 ಲಕ್ಷದ ಶೇ. 1, ಅಂದರೆ ದಿನಕ್ಕೆ 3,000. ಎರಡನೇ ಆಸ್ಪತ್ರೆಯ 4,500ರ ಕೋಣೆ ಹಿಡಿದರೆ ನಷ್ಟ ದಿನಕ್ಕೆ 1,500 ಮಾತ್ರ ಎಂದುಕೊಳ್ಳುತ್ತಾರೆ. ಹಾಗಲ್ಲ. ಮಿತಿ ಮೀರಿದ ಪ್ರಮಾಣದಲ್ಲೇ ಸರ್ಜನ್ ಫೀಸು, ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಕತ್ತರಿಸುತ್ತಾರೆ, ನಿಮ್ಮ ಸಂದರ್ಭದಲ್ಲಿ 4,500ರಲ್ಲಿ 1,500, ಅಂದರೆ ಮೂರರಲ್ಲೊಂದು ಪಾಲು. ಔಷಧಿ ಮತ್ತು ಬಳಸಿ ಬಿಸಾಡುವ ಸಾಮಾನು, ಇಂಪ್ಲಾಂಟ್, ಲ್ಯಾಬ್ ಮತ್ತು ಎಕ್ಸ್‌ರೇ ಖರ್ಚಿಗೆ ಈ ಕತ್ತರಿ ಹಾಕುವಂತಿಲ್ಲ ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ 2020ರಲ್ಲೇ ಸ್ಪಷ್ಟಪಡಿಸಿದೆ. 2,65,000ರಲ್ಲಿ ಇವೆಲ್ಲ ಸೇರಿ 1,10,000 ಎಂದು ಹಿಡಿಯೋಣ. ಉಳಿದ 1,55,000ರಲ್ಲಿ ಮೂರರಲ್ಲೊಂದು, ಅಂದರೆ ಸುಮಾರು 52,000, ನಿಮ್ಮ ಕೈಯಿಂದ. ಬಿಲ್ಲು ‘ಪ್ಯಾಕೇಜ್ 2,65,000’ ಎಂದು ಒಂದೇ ಸಾಲಿನಲ್ಲಿದ್ದರೆ ಈ ವಿನಾಯಿತಿ ಕೇಳಲು ಆಧಾರವೇ ಇರುವುದಿಲ್ಲ, ಕತ್ತರಿ ಇಡೀ ಮೊತ್ತಕ್ಕೆ ಬೀಳಬಹುದು. ಬಿಲ್ಲನ್ನು ಒಡೆದು ಬರೆಸಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ. ವಾರ್ಡಿನ ದರ್ಜೆಗೆ ತಕ್ಕಂತೆ ಫೀಸು ಏರಿಸದ ಆಸ್ಪತ್ರೆಯಾದರೆ ಈ ಕಡಿತವೇ ಇಲ್ಲ, ಅದನ್ನೂ ಕೇಳಿ.

ಪಾಲಿಸಿಯಲ್ಲಿ ಇನ್ನೂ ಮೂರು ಕಡೆ ಬೆರಳಿಟ್ಟು ನೋಡಿ: ಕೀಲು ಬದಲಿಗೆ ಕಾಯುವ ಅವಧಿ ಎಷ್ಟು (ಎರಡು ವರ್ಷ ಸಾಮಾನ್ಯ, ಮೂರಕ್ಕಿಂತ ಹೆಚ್ಚಿರುವಂತಿಲ್ಲ), ಈ ಆಪರೇಷನ್‌ಗೆ ಪ್ರತ್ಯೇಕ ಮಿತಿ ಇದೆಯೇ, ಹಿರಿಯರು ಇಂತಿಷ್ಟು ಶೇಕಡಾ ತಾವೇ ಭರಿಸಬೇಕೆಂಬ ಷರತ್ತಿದೆಯೇ. ವಾಕರ್, ಮೊಣಗಂಟಿನ ಬ್ರೇಸ್, ಕ್ರೇಪ್ ಬ್ಯಾಂಡೇಜ್, ಕೈಗವಸು ಇತ್ಯಾದಿ ವಿಮೆಯಿಂದ ಸಾಮಾನ್ಯವಾಗಿ ಸಿಗದ ವಸ್ತುಗಳ ಪಟ್ಟಿಯಲ್ಲಿವೆ. ಫಿಸಿಯೋ ಮಾತ್ರ ಬೇರೆ. ಡಿಸ್‌ಚಾರ್ಜ್ ನಂತರದ ಖರ್ಚು ಕೊಡುವ ಪಾಲಿಸಿಯಾದರೆ, ‘ಆರು ವಾರ ಫಿಸಿಯೋಥೆರಪಿ’ ಎಂದು ಡಿಸ್‌ಚಾರ್ಜ್ ಸಾರಾಂಶದಲ್ಲಿ ಬರೆಸಿಕೊಂಡು ರಸೀದಿ ಇಟ್ಟುಕೊಂಡರೆ ಅದು ಸಿಗುವ ಸಾಧ್ಯತೆ ಇದೆ. ಕಂಪನಿಯೇ ಆಸ್ಪತ್ರೆಗೆ ನೇರ ಹಣ ಕಟ್ಟುವ ಕ್ಯಾಶ್‌ಲೆಸ್ ಅರ್ಜಿಯನ್ನು ಮೂರು ನಾಲ್ಕು ದಿನ ಮೊದಲೇ ಹಾಕಿಸಿ. ಡಿಸ್‌ಚಾರ್ಜ್ ದಿನ ಕಂಪನಿ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕೆಂಬುದು 2024ರ ನಿಯಮ. ತಡವಾಗಿ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದು ಕಂಪನಿಯ ಹೊಣೆ.

ಕಾಸ್ಪ್ ಕಾರ್ಡ್ ಇದೆಯೆಂದು ಬರೆದಿದ್ದೀರಿ, ಅದನ್ನು ಕೊನೆಗೆ ಹೇಳಿದ್ದೀರಿ. ನನ್ನ ಮಟ್ಟಿಗೆ ಅದನ್ನು ಮೊದಲು ವಿಚಾರಿಸಬೇಕು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಈ ಯೋಜನೆ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಕೊಂಡಿದೆ. ಕಾಯುವ ಅವಧಿ ಇಲ್ಲ, ಸಕ್ಕರೆ ಕಾಯಿಲೆ ಅಡ್ಡಿಯಲ್ಲ. ಅಡ್ಮಿಟ್‌ಗೆ ಮೂರು ದಿನ ಮೊದಲಿನ ಮತ್ತು ಡಿಸ್‌ಚಾರ್ಜ್ ನಂತರ 15 ದಿನದ ಪರೀಕ್ಷೆ, ಔಷಧಿ ಪ್ಯಾಕೇಜ್ ಒಳಗೇ ಬರುತ್ತದೆ. ನಿಮಗೆ ಸಿಕ್ಕ ಎರಡೂ ಖಾಸಗಿ ಪ್ಯಾಕೇಜ್‌ಗಳಲ್ಲಿ ಇದಿಲ್ಲ. ಆದರೆ ಮಂಗಳೂರಿನಲ್ಲಿ ನಡೆಯಬೇಕಾದರೆ ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿದ್ದರಷ್ಟೇ ಸಾಲದು, ಮೂಳೆ ವಿಭಾಗಕ್ಕೇ ಮಾನ್ಯತೆ ಇರಬೇಕು. ಕೆಲವು ರಾಜ್ಯಗಳು ಮೊಣಗಂಟು ಬದಲಿಯಂಥ ಆಪರೇಷನ್‌ಗಳನ್ನು ಸರಕಾರಿ ಆಸ್ಪತ್ರೆಗಳಿಗೆ ಮೀಸಲಿಡುವುದೂ ಉಂಟು. ಆಸ್ಪತ್ರೆಯ ಯೋಜನಾ ಕೌಂಟರ್‌ನಲ್ಲಿ ‘ಈ ಕಾರ್ಡ್, ಈ ಆಪರೇಷನ್, ಇಲ್ಲಿ ಪೂರ್ವಾನುಮತಿ ಸಿಗುತ್ತದೆಯೇ’ ಎಂದು ಮೂರನ್ನೂ ಸೇರಿಸಿಯೇ ಕೇಳಿ. 14555ಕ್ಕೆ ಕರೆ ಮಾಡಿಯೂ ಖಚಿತಪಡಿಸಿಕೊಳ್ಳಬಹುದು. ಇಲ್ಲವೆಂದಾದರೆ ಕಾಸರಗೋಡು ಜನರಲ್ ಆಸ್ಪತ್ರೆ, ಪರಿಯಾರಂ ಮೆಡಿಕಲ್ ಕಾಲೇಜುಗಳಲ್ಲಿ ವಿಚಾರಿಸಿ. ಸರದಿ ಕಾಯಬೇಕಾಗಬಹುದು, ಸಕ್ಕರೆ ಇಳಿಸಲು ಹೇಗೂ ಸಮಯ ಬೇಕು. ಯೋಜನೆಯಡಿ ಅಡ್ಮಿಟ್ ಮಾಡಿಕೊಂಡು ‘ಒಳ್ಳೆಯ ಕೀಲಿಗೆ’ ಎಂದು ಕೈಯಿಂದ ಹಣ ಕೇಳಿದರೆ ಅದೇ ಸಂಖ್ಯೆಗೆ ದೂರು ಕೊಡಿ.

ಪ್ಯಾಕೇಜ್ ಇಲ್ಲ ಎಂದ ಕಾಸರಗೋಡಿನ ಆಸ್ಪತ್ರೆಯನ್ನು ಅಷ್ಟಕ್ಕೇ ಬಿಡಬೇಡಿ. ಬಿದ್ದು ಸೊಂಟದ ಎಲುಬು ಮುರಿದಂಥ ಸಂದರ್ಭದಲ್ಲಿ ತೆರೆದ ಬಿಲ್ಲೇ ಹೆಚ್ಚು ಪ್ರಾಮಾಣಿಕ, ಯಾಕೆಂದರೆ ಏನು ಕಾದಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಯೋಜಿಸಿ ಮಾಡುವ ಮೊಣಗಂಟಿಗೆ ಹಾಗಲ್ಲ. ಅಲ್ಲಿಯ ಸರ್ಜನ್ ತಿಂಗಳಿಗೆ ಎಷ್ಟು ಮೊಣಗಂಟು ಮಾಡುತ್ತಾರೆ, ಇತ್ತೀಚಿನ ಬಿಲ್ಲುಗಳು ಕಡಿಮೆಯೆಂದರೆ ಎಷ್ಟು, ಹೆಚ್ಚೆಂದರೆ ಎಷ್ಟು ಎಂದು ಕೇಳಿ. ಹತ್ತಿರದ ಆಸ್ಪತ್ರೆಯಲ್ಲಿ ಆರು ವಾರದ ಓಡಾಟ ಉಳಿಯುತ್ತದೆ, ಗಾಯದಲ್ಲಿ ಏನಾದರೂ ಕಂಡರೆ ಅದೇ ದಿನ ತೋರಿಸಬಹುದು. ಅದಕ್ಕೂ ಬೆಲೆ ಇದೆ.

ಎರಡೂ ಕಾಲು ಒಟ್ಟಿಗೆ? ಉಳಿಯುವುದು ಒಂದು ಸಲದ ಅರಿವಳಿಕೆ, ಪರೀಕ್ಷೆಗಳು ಮತ್ತು ಕೆಲವು ದಿನದ ಹಾಸಿಗೆ. ಇಂಪ್ಲಾಂಟ್ ಎರಡು, ಸಿಮೆಂಟು ಎರಡರಷ್ಟು, ಥಿಯೇಟರ್ ಸಮಯ ಹತ್ತಿರ ಹತ್ತಿರ ದುಪ್ಪಟ್ಟು. ‘ಎರಡನೆಯದು ಅರ್ಧ ಬೆಲೆಗೆ’ ಎಂದರೆ ಯಾವುದನ್ನು ಬಿಟ್ಟಿರಿ ಎಂದು ಕೇಳಬೇಕು. ರಕ್ತ ಹೆಚ್ಚು ಬೇಕಾಗುತ್ತದೆ, ಹೃದಯದ ಮೇಲೆ ಒತ್ತಡ ಮತ್ತು ಹೆಪ್ಪುಗಟ್ಟುವ ಅಪಾಯ ಹೆಚ್ಚು. ಸಕ್ಕರೆ ಇರುವ 68ರ ಅಮ್ಮನಿಗೆ ಅದು ಹೊಂದುವುದು ಕಷ್ಟ, ಕೊನೆಯ ಮಾತು ಎಕೋ ನೋಡಿದ ಅರಿವಳಿಕೆ ಡಾಕ್ಟರರದು. ಹಣದ ಲೆಕ್ಕವೂ ಅದಕ್ಕೇ ಒಪ್ಪುತ್ತದೆ: 3 ಲಕ್ಷದ ಪಾಲಿಸಿಯಲ್ಲಿ ಒಂದೇ ವರ್ಷ ಎರಡು ಕಾಲು ಹಿಡಿಸುವುದಿಲ್ಲ. ಬಲಗಾಲನ್ನು ನವೀಕರಣದ ದಿನಾಂಕಕ್ಕೆ ಮೂರು ತಿಂಗಳು ಮೊದಲು ಮಾಡಿಸಿ, ಎಡಗಾಲನ್ನು ನವೀಕರಣವಾದ ಮೇಲೆ ಮಾಡಿಸಿದರೆ ಪ್ರತಿ ಸಲವೂ ಪೂರ್ತಿ 3 ಲಕ್ಷದ ಮಿತಿ ಸಿಗುತ್ತದೆ. ಬಲಗಾಲು ಗಟ್ಟಿಯಾದ ಮೇಲೆ ಎಡಗಾಲಿನ ನೋವು ಅಷ್ಟಾಗಿ ಕಾಡದೆ, ಎರಡನೆಯದು ಸದ್ಯ ಬೇಡ ಎನ್ನುವವರೂ ಇದ್ದಾರೆ.